ಡೈರಿಯ ಕಟ್ಟಳೆ

"ಹೆಂಗಸರ ಚೇಲಾ, ನಾಳೆಯಿಂದ ಸೀರೆ ಉಟ್ಕೊಂಡೇ ಬಾರ್ಲಾ!" ಡೈರಿ ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಪುಟ್ಟಮಾದ ತನ್ನ ಅಣ್ಣನ ಮಗ ದುಗ್ಗೇಶನನ್ನು ಹಂಗಿಸಿದ. ದುಗ್ಗೇಶನ ಮೈಯೆಲ್ಲ ಉರಿಯಿತು.

ಹೆಂಡತಿಗೆ ಹೊಡೆದವನ ಕೆನ್ನೆಯ ಮೇಲೇ ಐದು ಬೆರಳಿನ ಗುರುತು ಮೂಡುವುದು ಶುರುವಾದಾಗಿನಿಂದ ಊರ ಗಂಡಸರು ಬಿರುಬೇಸಿಗೆಯಲ್ಲೂ ಮುಖಕ್ಕೆ ಟವೆಲ್ ಸುತ್ತುತ್ತಿದ್ದರು. ಅದಕ್ಕೇ ಡೈರಿ ನಡೆಸುವ ಮಹಿಳಾ ಸಂಘ ಕಟ್ಟಳೆ ಮಾಡಿತ್ತು: ಟವೆಲ್ ಬಿಚ್ಚದವರ ಹಾಲು ಬೇಡ. ಅದನ್ನು ಗೋಡೆಗೆ ದಪ್ಪಕ್ಷರದಲ್ಲಿ ಬರೆದವನೇ ದುಗ್ಗೇಶ.

ಇವತ್ತು ಅಳತೆಗೆ ಕೂತವಳು ಪುಟ್ಟಮಾದನ ಹೆಂಡತಿ ದ್ಯಾವಮ್ಮ. ಚಿಕ್ಕಮ್ಮ ಹೆದರಿಬಿಟ್ಟರೆ ಕಟ್ಟಳೆ ಇವತ್ತಿಗೇ ಸತ್ತಂತೆ ಎಂದು ದುಗ್ಗೇಶ ಉಸಿರು ಬಿಗಿಹಿಡಿದ.

"ಟವೆಲ್ ಬಿಚ್ಚಿ," ಎಂದಳು ದ್ಯಾವಮ್ಮ.

"ನಾನು ನಿನ್ನ ಗಂಡ ಕಣೇ!"

"ಎಲ್ಲರಿಗಿಂತ ಚೆನ್ನಾಗಿ ಗೊತ್ತು ನಂಗೆ. ಬಿಚ್ಚಿ."

ಇವಳು ನಮ್ಮ ಚಿಕ್ಕಮ್ಮ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು ದುಗ್ಗೇಶನಿಗೆ. ಪುಟ್ಟಮಾದ ಟವೆಲನ್ನು ಇನ್ನಷ್ಟು ಬಿಗಿದುಕೊಂಡು, ಹಾಲು ತುಂಬಿದ ಕ್ಯಾನೆತ್ತಿಕೊಂಡು ವಾಪಸ್ ನಡೆದ.