ಹುಳುಮನೆಯ ಸದ್ದು

ಹುಳುಮನೆಗೆ ಬೀಗ ಹಾಕಹೊರಟ ಸುಗುಣಳ ಕೈ ಹಾಗೇ ನಿಂತಿತು. ಒಳಗೆ ರೇಷ್ಮೆಹುಳುಗಳು ಸೊಪ್ಪು ಮೇಯುವ ಸರಸರ ಸದ್ದು. ಕೊನೆಯ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ, ತಟ್ಟೆಗಳನ್ನೆಲ್ಲ ತೊಳೆದಿಟ್ಟು ವಾರವೇ ಆಗಿತ್ತು.

"ಬಾರೇ, ವ್ಯಾನು ಬಂದೈತೆ. ಆಫ್ರಿಕಾದ ಮಿಷನ್ ಆಸ್ಪತ್ರೆಯೋರು ಕೆಲಸಕ್ಕೆ ನಮಗೇಂತ ಕಾಯ್ತಾವ್ರೆ," ಎನ್ನುತ್ತ ಗಂಡ ಪ್ರಭುದಾಸ್ ಸೂಟ್‌ಕೇಸು ಹಿಡಿದು ಬಂದ.

"ಒಳಗೆ ಹುಳ ಮೇಯ್ತಾವೆ ಕಣ್ರೀ."

"ಖಾಲಿ ತಟ್ಟೇಲಿ ಏನು ಮೇಯ್ತಾವೆ?" ಅವನು ನಗುತ್ತ ಬಾಗಿಲು ತಳ್ಳಿದ. ಸದ್ದು ಥಟ್ಟನೆ ನಿಂತಿತು.

ಬೆಳಿಗ್ಗೆ ಸುಗುಣ ಅಭ್ಯಾಸಬಲದಿಂದ ತಟ್ಟೆಗೆ ಹಾಕಿಬಿಟ್ಟಿದ್ದ ಹಿಡಿ ಸೊಪ್ಪಿನಲ್ಲಿ ಬರೀ ನರಗಳು ಉಳಿದಿದ್ದವು. ಹುಡುಕಿದರೂ ಒಂದು ಹುಳು ಇರಲಿಲ್ಲ. ಹೊರಗೆ ಹಾರನ್ ಕೇಳಿಸಿತು. ಪ್ರಭುದಾಸ್ ಸೂಟ್‌ಕೇಸು ಕೆಳಗಿಟ್ಟು, ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡು ಹಿಪ್ಪುನೇರಳೆ ತೋಟದತ್ತ ಹೊರಟ.

"ಒಸಿ ತಡಿಯಪ್ಪಾ," ಎಂದು ಡ್ರೈವರಿಗೆ ಕೂಗಿದ. "ಇವಕ್ಕೆ ಇನ್ನೂ ಹಸಿವು ಹಿಂಗಿಲ್ಲ."