ಗುರುತಿಲ್ಲದ ಫೋನು

"ಅಲ್ಲಾಡಿಸಬೇಡ. ಪೇಪರಿನ ತಾರೀಖು ಕಾಣಬೇಕು," ಎಂದ ರಾಯ್ಸ್ ಟ್ಯಾಕೆಟ್.

ಅಡುಗೆಮನೆಯ ಮೇಜಿನ ಮೇಲೆ ಮಗಳ ಹಳೆಯ ಫೋನು. ಅದರ ಪಕ್ಕದಲ್ಲಿ ಆ ದಿನದ ಪತ್ರಿಕೆ ಹಿಡಿದು ನಿಂತವಳು ಮಗಳು ಮೇರಿಬೆತ್. ರಾಯ್ಸ್ ವಿಡಿಯೊ ತೆಗೆಯುತ್ತಿದ್ದ.

"ಅಪ್ಪಾ, ಇದೇನು ಕಿಡ್ನ್ಯಾಪ್ ಆಗಿರೋ ಮನುಷ್ಯನಾ? ಫೋನು!"

"ನಗು, ನಗು. ನಾಳೆ ಫೋನ್ ಕಂಪನಿಯವರು ಗಾಜು ಒಡೆದಿದೆ ಅಂತ ಬರೆದು ಕಳಿಸಿದಾಗಲೂ ನಗುವಂತೆ."

ಫೋನನ್ನು ದೀಪದ ಕೆಳಗೆ ಓರೆಯಾಗಿ ಹಿಡಿದ. ಬೆಳಕು ಗಾಜಿನ ಈ ತುದಿಯಿಂದ ಆ ತುದಿಗೆ ಜಾರಿತು. ಕೂದಲೆಳೆಯಷ್ಟು ಗೆರೆಯೂ ಇಲ್ಲ. ಆನ್ ಮಾಡಿ ನಾಲ್ಕು ಮೂಲೆ ಮುಟ್ಟಿದ. ಹಿಂಬದಿಯ ಕ್ಯಾಮೆರಾ, ಸ್ಪೀಕರು, ಚಾರ್ಜಿಂಗು. ಬೆರಳುಗಳು ತಡಕಾಡಲಿಲ್ಲ. ಫೋನಿನ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಖಾತೆಯ ಬೀಗ ತೆಗೆದು, ಒಳಗಿದ್ದದ್ದನ್ನೆಲ್ಲ ಅಳಿಸಿದ.

"ಅಷ್ಟು ಕಳ್ಳರಾ ಅವರು?"

"ಕಳ್ಳರಲ್ಲ, ಅವಸರದವರು. ಕಳ್ಳನೇ ವಾಸಿ ಕಣೇ, ನೋಡಿ ಕದೀತಾನೆ."

ಫೋನಿನ ಬೆನ್ನಿಗೆ ಒಂದು ಸೂರ್ಯಕಾಂತಿ ಸ್ಟಿಕ್ಕರ್ ಇತ್ತು. ಆರನೇ ಕ್ಲಾಸಿನಲ್ಲಿ ಅವಳೇ ಬರೆದು, ಬಣ್ಣ ಹಚ್ಚಿ ಅಂಟಿಸಿದ್ದು. ರಾಯ್ಸ್ ಉಗುರಿನಿಂದ ಅದರ ಅಂಚು ಎಬ್ಬಿಸಿದ.

"ಅದಿರಲಿ ಬಿಡಪ್ಪಾ. ಪಾಪ, ನೋಡಿದವರಿಗಾದರೂ ಖುಷಿಯಾಗುತ್ತೆ."

"ಗುರುತು ಏನೂ ಇರಬಾರದು. ಅಂಟು ಅಂತಲೇ ಇನ್ನೂರು ಡಾಲರ್ ಕಿತ್ತುಕೊಳ್ತಾರೆ."

ಕಿತ್ತ. ಸ್ಪಿರಿಟ್ಟಿನಿಂದ ಒರೆಸಿದ. ಈಗ ಅದು ಯಾರ ಫೋನಾದರೂ ಆಗಬಹುದಿತ್ತು.

ಇಷ್ಟೆಲ್ಲ ಎಚ್ಚರಕ್ಕೆ ಕಾರಣವಿತ್ತು. ಮೇರಿಬೆತ್‌ಗೆ ಒಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ತೋಳಿಗೆ ಅಂಟಿಸಿದ ಸೆನ್ಸರ್ ರಕ್ತದ ಸಕ್ಕರೆ ಇಳಿದ ಕೂಡಲೇ ಫೋನಿಗೆ ಹೇಳಬೇಕು, ಫೋನು ಕೂಗಬೇಕು. ಹಳೆಯದು ಗಟ್ಟಿಮುಟ್ಟಾಗಿದ್ದರೂ ಆ ಸೆನ್ಸರಿಗೆ ಹೊಂದುತ್ತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಫೋನ್ ಕಂಪನಿ ಹಳೆಯದಕ್ಕೆ ಏಳುನೂರು ಕೊಡುತ್ತದೆ, ಒಡೆದಿದ್ದರೆ ನಲವತ್ತು. ನಲವತ್ತಾದರೆ ಹೊಸ ಫೋನಿನ ಕಂತೂ ಸೆನ್ಸರಿನ ಖರ್ಚೂ ಒಟ್ಟಿಗೆ ಆಗುವ ಮಾತಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು. ಒಂದಿಲ್ಲದೆ ಇನ್ನೊಂದು ದಂಡ. ಇನ್ಸುಲಿನ್ನಿನ ಚಿಂತೆಯೊಂದಿರಲಿಲ್ಲ, ಅದು ಗೋದಾಮಿನ ಕೆಲಸದ ವಿಮೆಯಲ್ಲಿ ಬರುತ್ತಿತ್ತು. ಹತ್ತು ಗಂಟೆ ನಿಂತು ನಿಂತು ಮಂಡಿ ಸವೆದರೂ ರಾಯ್ಸ್ ಆ ಕೆಲಸ ಬಿಡದಿದ್ದುದು ಅದಕ್ಕೇ.

ಹೊಸ ಫೋನು ಮನೆಗೆ ಬಂದಾಗಿತ್ತು. ಹಳೆಯದನ್ನು ಕಂಪನಿ ಕಳಿಸಿದ್ದ ಡಬ್ಬದಲ್ಲಿಟ್ಟು, ಟೇಪು ಹಚ್ಚುವುದನ್ನೂ ವಿಡಿಯೊ ಮಾಡಿ, ಅಂಚೆ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆದ. ಡಬ್ಬದ ಮೇಲಿನ ವಿಳಾಸ ಟೆಕ್ಸಾಸಿನದು. ಅವರಿದ್ದದ್ದು ಇಂಡಿಯಾನಾದ ಪ್ಲೇನ್‌ಫೀಲ್ಡಿನಲ್ಲಿ.

ಮುಂದಿನ ವಾರ ರಾಯ್ಸ್‌ಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಬೇರೆ ಊರಿನ ಗೋದಾಮಿನಲ್ಲಿ ತುಂಬಿ ಚೆಲ್ಲಿದ ಲೋಡೆಲ್ಲ ಇಲ್ಲಿಗೆ ಬಂದು ಬಿದ್ದಿತ್ತು. ಗುರುವಾರ ಮೂರೂವರೆಯ ಮೇಲೆ ಶಾಲೆಯಿಂದ ಕರೆ. ಬ್ಯಾಂಡ್ ಅಭ್ಯಾಸದಲ್ಲಿ ಮೇರಿಬೆತ್ ಕುಸಿದಿದ್ದಳು. ಫೋನು ಕೂಗಿತ್ತು, ಮೇಷ್ಟ್ರು ಕೂಡಲೇ ಹಣ್ಣಿನ ರಸ ಕುಡಿಸಿದ್ದರು. ಗೋದಾಮಿನಲ್ಲಿ ಅಂದಿನ ಲೆಕ್ಕ ಮುಗಿಸದೆ ರಾಯ್ಸ್ ಹೊರಡುವಂತಿರಲಿಲ್ಲ. ಉಳಿದದ್ದನ್ನು ಹೇಗೋ ಮುಗಿಸಿ ನಾಲ್ಕಕ್ಕೆ ಸರಿಯಾಗಿ ಓಡಿದ.

"ಹೊಸ ಫೋನು ಎಷ್ಟು ಜೋರಾಗಿ ಕೂಗ್ತು ಗೊತ್ತಾ! ಸತ್ತವರೂ ಎದ್ದು ಕೂರಬೇಕು," ಎಂದಳು, ಬಿಳಿಚಿಕೊಂಡ ಮುಖದಲ್ಲೇ ನಕ್ಕು. ಅವನು ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡ.

ಸೋಮವಾರ ಕಂಪನಿಯ ಸಂದೇಶ ಬಂತು. ಗಾಜು ಒಡೆದಿದೆ. ನಲವತ್ತು ಡಾಲರ್.

ಕೆಲಸ ಮುಗಿದ ಕೂಡಲೇ ರಾಯ್ಸ್ ಫೋನ್ ಕಂಪನಿಯ ಅಂಗಡಿಗೆ ಹೋದ. ಜಾಕೆಟ್ಟಿನ ಜಿಪ್ಪು ಕತ್ತಿನವರೆಗೆ. ಕೌಂಟರಿನ ಹುಡುಗಿ ಯೆಸೇನಿಯಾ ವಿಡಿಯೊವನ್ನು ಎರಡು ಸಲ ನೋಡಿದಳು.

"ಸಾರ್, ಈ ಥರ ಪುರಾವೆ ತಂದವರನ್ನ ನಾನು ನೋಡೇ ಇಲ್ಲ! ಇಷ್ಟು ಚೊಕ್ಕ ಇರೋದನ್ನ ಒಡೆದಿದೆ ಅಂತ ಯಾಕೆ ಬರೀತಾರೆ?"

"ನೋಡಮ್ಮಾ, ಚೆನ್ನಾಗಿರೋ ಫೋನಿಗೆ ಹನ್ನೊಂದು ಪರೀಕ್ಷೆ. ಒಡೆದದ್ದಕ್ಕೆ ಒಂದೇ ಗುಂಡಿ. ದಿನಕ್ಕೆ ಮುನ್ನೂರು ಮುಗಿಸಬೇಕು ಅಂದ್ರೆ ಕೊನೇ ಗಂಟೆಯಲ್ಲಿ ಕಣ್ಣು ಮುಚ್ಚಿ ಒತ್ತಿಬಿಡ್ತಾರೆ."

"ನಿಮಗೆ ಹೇಗೆ ಗೊತ್ತು?"

"ಕೇಳಿದ್ದೀನಿ."

"ಹೊಟ್ಟೆಗೆ ಏನು ತಿಂತಾರೋ! ದೂರು ಹಾಕ್ತೀನಿ ಸಾರ್. ನಿಮ್ಮ ಏಳುನೂರೂ ಬರುತ್ತೆ, ಆ ಪುಣ್ಯಾತ್ಮನ ಕೆಲಸಾನೂ ಹೋಗುತ್ತೆ. ಪುರಾವೆ ಇದ್ರೆ ಅವರು ಒಂದು ದಿನಾನೂ ಇಟ್ಟುಕೊಳ್ಳಲ್ಲ."

"ಹಾಕು. ಹೋಗಲಿ. ಅಂಥವನಿಗೆ ಅದೇ ಆಗಬೇಕು."

ಅವಳು ಪರೀಕ್ಷೆಯ ವರದಿ ತೆರೆದು, ಪರದೆಯನ್ನು ಅವನ ಕಡೆ ತಿರುಗಿಸಿ ಓದಿದಳು. "ಟೆಕ್ಸಾಸಿಂದ ಬೇರೆ ಕಡೆ ಕಳಿಸಿದ್ದಾರೆ... ಗುರುವಾರ, ಮೂರು ಐವತ್ತೆರಡು. ಪರೀಕ್ಷಕರ ಸಂಖ್ಯೆ ನಾಲ್ಕು ನಾಲ್ಕು ಒಂದು ಏಳು. ಕಳಿಸಲಾ?"

ರಾಯ್ಸ್ ಪರದೆಯನ್ನು ನೋಡುತ್ತಲೇ ನಿಂತ. ಹೆಬ್ಬೆರಳ ಉಗುರು, ಏನೋ ಅಂಟನ್ನು ಕೆರೆಯುವಂತೆ, ಕೌಂಟರಿನ ಅಂಚನ್ನು ಕೆರೆಯತೊಡಗಿತು.

"ಬೇಡ."

"ಏನು ಸಾರ್?"

"ಬೇಡಮ್ಮಾ. ನಲವತ್ತೇ ಇರಲಿ."

ಫೋನನ್ನು ಜೇಬಿಗೆ ತುರುಕಿ, ಕಾರಿನ ಕೀಲಿಗಾಗಿ ಜಾಕೆಟ್ಟಿನ ಜಿಪ್ಪು ಎಳೆದ. ಕೀಲಿಯ ಜೊತೆ ಏನೋ ಕೌಂಟರಿನ ಮೇಲೆ ಬಿತ್ತು. ಯೆಸೇನಿಯಾ ಎತ್ತಿ ಕೊಡಲು ಹೋದಳು.

ಗೋದಾಮಿನ ಗುರುತಿನ ಚೀಟಿ: ಅವನದೇ ಫೋಟೊ, ಅದರ ಕೆಳಗೆ ಪರೀಕ್ಷಕ, 4417.