ಜೋಡಿ ತೂಕ

“ಮತ್ತ ಎರಡು ಕಿಲೋ ಇಳಿದೀರಿ ನೋಡ್ರಿ!” ಎಂದು ಯಂಕಪ್ಪ ಕೂಗಿದ್ದೇ ತಡ, ಮೂಟೆ ತೂಗುವ ಕಾಂಟಾದ ಮೇಲೆ ಒತ್ತಿಕೊಂಡು ನಿಂತಿದ್ದ ಸ್ವರೂಪಾ, ತುಳಜಾಬಾಯಿ ಇಬ್ಬರೂ ಕೈಕೈ ಹಿಡಿದು ನಕ್ಕರು. ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಡೆದ ಮುಷ್ಕರಕ್ಕೆ ಜಹೀರಾಬಾದಿನ ಮಾರ್ಕೆಟ್ ಯಾರ್ಡು ಬಂದ್ ಆಗಿತ್ತು. ತೂಗಲು ಮೂಟೆಯಿಲ್ಲದ ಯಂಕಪ್ಪನಿಗೆ ಇವರು ಬಂದರೆ ಹೊತ್ತು ಹೋಗುತ್ತಿತ್ತು.

ಸ್ವರೂಪಾ ಅಂಗನವಾಡಿ ಟೀಚರು, ತುಳಜಾಬಾಯಿ ಅಲ್ಲೇ ಆಯಾ. ಮೈಭಾರಕ್ಕೆ ಇಬ್ಬರ ಮೊಣಕಾಲೂ ಸೋತಿದ್ದವು. ಸ್ವರೂಪಾ ಒಬ್ಬಳೇ ಉಪವಾಸ ಬಿದ್ದು ಇಳಿಸಿದ್ದೆಲ್ಲ ಪ್ರತಿ ಸಲ ದುಪ್ಪಟ್ಟಾಗಿ ಮೈಗೆ ಹತ್ತಿತ್ತು. ಜೊತೆಯಿದ್ದರೆ ಇಳಿದದ್ದು ಮತ್ತೆ ಏರದೆ ನಿಂತೀತು ಎಂದು ಉಗಾದಿಯಿಂದ ಇಬ್ಬರೂ ನಸುಕಿಗೇ ನಡೆಯತೊಡಗಿದರು. ಮೊದಲ ದಿನ ಸ್ವರೂಪಾ ಒಬ್ಬಳೇ ಕಾಂಟಾ ಏರಿದಾಗ “ಕ್ವಿಂಟಲ್ ಮ್ಯಾಲ ನಾಕು!” ಎಂದು ಹಮಾಲರೆಲ್ಲ ಹೋ ಎಂದಿದ್ದರು. ಥೂ, ಅಷ್ಟು ಮಾನ ಹೋದ ಮೇಲೆ ಮತ್ತೆ ಒಬ್ಬಳೇ ಏರುವುದುಂಟೆ! “ಇಬ್ಬರೂ ಕೂಡೇ ನಿಂದ್ರೋಣು ಯಕ್ಕಾ, ಯಾರದೆಷ್ಟಂತ ಯಾವ ಮಗಂಗೂ ತಿಳೀಬಾರದು” ಎಂದವಳು ತುಳಜಾಬಾಯಿಯೇ.

ಅಂದಿನಿಂದ ಜೋಡಿ ತೂಕ ಇಳಿಯುತ್ತಲೇ ಬಂತು. ಚಳವಳಿಯವರು ಹೆದ್ದಾರಿಯ ಮೇಲೆ ಒಲೆ ಹೂಡಿ ಊರಿಗೆಲ್ಲ ಉಣಬಡಿಸಿದ ದಿನ ಸ್ವರೂಪಾ ಪುಲಿಹೋರದ ಹುಳಿಯನ್ನ ಎರಡು ಸಲ ಹಾಕಿಸಿಕೊಂಡಳು. ಬೇಡವೆಂದರೆ ತೆಲಂಗಾಣವೇ ಬೇಡವೆಂದಂತೆ! ಆದರೂ ಆ ವಾರ ತೂಕ ಇಳಿದೇ ಇತ್ತು. ರವಿಕೆ ಬಿಗಿಯಾದಾಗ, ತೊಳೆದು ತೊಳೆದು ಕುಗ್ಗಿತೆಂದುಕೊಂಡಳು.

“ಭಾಳ ನೀರಡಿಕಿ ಆಗ್ಯಾದ ಯಕ್ಕಾ” ಎನ್ನುತ್ತ ತುಳಜಾಬಾಯಿ ಕಾಂಟಾ ಇಳಿದು ನಲ್ಲಿಯತ್ತ ಹೋದಳು. ಸ್ವರೂಪಾ ಮೇಲೆಯೇ ನಿಂತಿದ್ದಳು. ಯಂಕಪ್ಪ ಸುಮ್ಮನೆ ಕಾಂಟಾದ ಗುಂಡು ಸರಿಸಿದ. ಅವಳ ಮುಖ ನೋಡಿದ. ಈ ಸಲ ಕೂಗಲಿಲ್ಲ.

“ಕ್ವಿಂಟಲ್ ಮ್ಯಾಲ ಎಂಟು ಅದ್ರಿ, ಟೀಚರಮ್ಮ.”

“ನಿನ್ನ ಕಾಂಟಾ ಕೆಟ್ಟಾದ.”

“ಕಾಂಟಾ ಛಲೋ ಅದ್ರಿ. ನೀವು ಇಳಿದೇ ಇಲ್ಲ. ಇಳಿದದ್ದೆಲ್ಲ ಆಕೀದು.” ಅವನು ದನಿ ತಗ್ಗಿಸಿದ. “ನಮ್ಮ ತಮ್ಮನೂ ಹಿಂಗೇ ನೀರ ಮ್ಯಾಲ ನೀರು ಕುಡೀತಿದ್ದ. ಸಕ್ರಿ ಬ್ಯಾನಿ ಅಂತ ತಿಳಿಯೋದರಾಗ ಹೋಗೇಬಿಟ್ಟ.”

ಸ್ವರೂಪಾ ಜೋಡಿ ತೂಕದಲ್ಲಿ ಇಳಿದದ್ದಕ್ಕೆ ತನಗೆ ಏರಿದ ನಾಲ್ಕನ್ನೂ ಕೂಡಿಸಿದಳು. ಆರು ತಿಂಗಳಲ್ಲಿ ಮೂವತ್ತು ಕಿಲೋ, ಒಂದೇ ಮೈಯಿಂದ! ದಾರಿಯಲ್ಲಿ ಕುಸಿದು ಕೂತವಳನ್ನು “ಕುಂದರಬ್ಯಾಡ, ಬೆವರು ಇಳೀಲಿ” ಎಂದು ಎಬ್ಬಿಸಿ ಎಬ್ಬಿಸಿ ನಡೆಸಿದ್ದು ತಾನೇ. ಅಂಗಾಲಿನ ಗಾಯ ಮಾಯದಿದ್ದರೆ ಚಪ್ಪಲಿ ಬದಲಿಸು ಎಂದದ್ದೂ ತಾನೇ. ಅಯ್ಯೋ ದೇವರೇ, ಕಣ್ಣಿದ್ದೂ ಕುರುಡಿಯಾದೆನಲ್ಲ ಎಂದು ಅವಳಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಓಡಿಹೋಗಿ ತುಳಜಾಬಾಯಿಯ ಕೈ ಹಿಡಿದಳು. ಆ ತೋಳು ಅವಳ ಮುಷ್ಟಿಯೊಳಗೆ ಹಿಡಿಸಿತು.

“ನಡಿ, ಈಗಿಂದೀಗ ಬೀದರ ದವಾಖಾನಿಗೆ ಹೋಗೋಣು.”

“ಬಸ್ಸೆಲ್ಲ ಬಂದ್ ಅವ, ಹ್ಯಾಂಗ ಹೋಗ್ತಿ? ಯಾರಿಗೇನಾಗ್ಯಾದ?”

“ನಿನಗ! ನೀ ಸೊರಗಿ ಹೋಗೀದಿ, ತುಳಜಾ. ಇದು ನಡದು ಇಳಿದದ್ದಲ್ಲ, ಬ್ಯಾನಿ ಅದ.”

ತುಳಜಾಬಾಯಿ ಮುಖ ಒರೆಸಿಕೊಂಡು, ತಿಂಗಳುಗಟ್ಟಲೆ ಕಾದಿದ್ದ ಮೆಚ್ಚುಗೆ ಸಿಕ್ಕಿತೆಂಬಂತೆ ನಕ್ಕಳು.

“ದೃಷ್ಟಿ ಹಚ್ಚಬ್ಯಾಡ ಯಕ್ಕಾ! ತೆಲಂಗಾಣ ಬರೋದರಾಗ ನಾ ಇನ್ನೂ ಅರ್ಧಾ ಆಗಿರ್ತೀನಿ, ನೋಡ್ತಿರು.”